ಸೋರುವ ಜಾಗ ಗೊತ್ತಿದ್ದಾಕೆ

ತಿಪಟೂರಿನಲ್ಲಿ ನಾವು ಆ ಹಂಚಿನ ಮನೆ ಕೊಂಡದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಬಿರುಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಮನೆ ನೋಡಬಾರದು ಎಂದು ಆಮೇಲೆ ಎಲ್ಲರೂ ಹೇಳಿದರು; ಮೊದಲು ಯಾರೂ ಹೇಳಲಿಲ್ಲ. ನಾನು ಪ್ರೈಮರಿ ಶಾಲೆಯ ಟೀಚರು. ನನ್ನ ಗಂಡ ಅಮ್ಮಸಂದ್ರದ ಕಾರ್ಖಾನೆಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದರು. ಮನೆ ಮಾರಿದವರು ಅರವತ್ತು ದಾಟಿದ ಒಬ್ಬ ವಿಧವೆ. ಎರಡು ಬೀದಿ ಆಚೆ ಮಗಳ ಮನೆಯಲ್ಲಿ ಇರುವುದೆಂದು ತೀರ್ಮಾನಿಸಿದ್ದರು. ಬೀಗದ ಕೈ ಕೊಡುವಾಗ ಏನೋ ಹೇಳಲು ಬಾಯಿ ತೆರೆದವರು, ಹಿತ್ತಿಲ ತೆಂಗಿನ ಮರಕ್ಕೆ ನೀರು ಬಿಡಿ ಎಂದಷ್ಟೇ ಹೇಳಿ ಹೊರಟರು.

ಮೊದಲ ಮಳೆ ಒಂದು ಸಂಜೆ ಗುಡುಗಿಕೊಂಡು ಬಂತು. ನಾನು ಶಾಲೆಯಿಂದ ಬಂದು ಕಾಫಿಗೆ ನೀರಿಟ್ಟಿದ್ದೆ. ಕಾಲು ಗಂಟೆ ನೆಮ್ಮದಿಯಾಗಿತ್ತು. ಆಮೇಲೆ ನಡುಮನೆಯ ತೊಲೆಯಿಂದ ಒಂದು ಹನಿ, ಅದರ ಪಕ್ಕದಲ್ಲೇ ಇನ್ನೊಂದು. ಬಕೆಟ್ ಇಟ್ಟೆ, ಕೊಳಗ ಇಟ್ಟೆ, ಕೊನೆಗೆ ಹಾಲಿನ ಪಾತ್ರೆಯನ್ನೂ ತಂದಿಟ್ಟೆ. ಮಾವ ಶೆಟ್ಟಿಕೆರೆ ತೋಟದಿಂದ ಕಳಿಸಿದ್ದ ಕಾಯಿಗಳನ್ನು ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹರಡಿದ್ದೆವು. ನೀರು ಬಿದ್ದರೆ ಅಷ್ಟೂ ಕೆಡುತ್ತದೆ. ಅಟ್ಟ ಹತ್ತಲೋ, ಕೆಳಗಿನ ಹಾಸಿಗೆ ಎತ್ತಲೋ ತಿಳಿಯದೆ ನಿಂತಿದ್ದಾಗ ಯಾರೋ ಬಾಗಿಲು ಬಡಿದರು.

ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಮನೆ ಮಾರಿದ ಆ ಅಜ್ಜಿ ನಿಂತಿದ್ದರು. ಒಳಗೆ ಬಂದವರೇ ನಾನಿಟ್ಟ ಪಾತ್ರೆಗಳನ್ನು ಸರಿಸತೊಡಗಿದರು.

"ಅಲ್ಲಿ ಬ್ಯಾಡ ಕಣವ್ವ, ಅದು ಈಗ ನಿಂತೋಯ್ತದೆ. ಕಂಬದ ಪಕ್ಕ ಇಡು. ಅಟ್ಟದ ಮ್ಯಾಲೆ ಕಾಯಿ ಐತಾ? ಬೀದಿ ಕಡೀಕೆ ತಳ್ಳು, ಅಲ್ಲಿ ಯಾವತ್ತೂ ಸೋರಿಲ್ಲ."

ಎಲ್ಲವೂ ಅವರು ಹೇಳಿದಂತೆಯೇ ಆಯಿತು. ನಾನು ಅಟ್ಟ ಹತ್ತಿ ಕಾಯಿ ತಳ್ಳಿದೆ. ಅವರು ಏಣಿ ಹಿಡಿದುಕೊಂಡರು. ಮಳೆ ತಗ್ಗಿದ ಮೇಲೆ ನನಗೆ ಸಿಟ್ಟು ಬಂತು. ಇಷ್ಟೆಲ್ಲ ಗೊತ್ತಿದ್ದೂ ಮಾರುವಾಗ ಯಾಕೆ ಹೇಳಲಿಲ್ಲ ಎಂದು, ಹೋಂವರ್ಕ್ ಮಾಡದ ಮಕ್ಕಳನ್ನು ಕೇಳುವ ದನಿಯಲ್ಲೇ ಕೇಳಿದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಸುಳ್ಳು ಹೇಳ್ಲಿಲ್ಲ ಕಣವ್ವ, ಸುಮ್ಕಿದ್ದೆ. ಹೇಳಿದ್ರೆ ನೀವು ತಗೋತಿರ್ಲಿಲ್ಲ. ಇವತ್ತು ಮೋಡ ಕಂಡಾಗಿಂದ ಮಗಳ ಮನೇಲಿ ಕೂರಾಕೇ ಆಗ್ಲಿಲ್ಲ."

ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಕಾಫಿ ಕೊಟ್ಟೆ.

ಭಾನುವಾರ ನನ್ನ ಗಂಡ ಹಂಚಿನ ಮೇಲೆ ಹತ್ತಿ, ಹನಿ ಬಿದ್ದ ಕಡೆಯಲ್ಲೆಲ್ಲ ಸಿಮೆಂಟು ಮೆತ್ತಿದರು. ಇಳಿಯುವಾಗ ನಾಲ್ಕು ಹಂಚು ಒಡೆದರು. ಮುಂದಿನ ಮಳೆಗೆ ನೀರು ಬೇರೆ ದಾರಿ ಹಿಡಿದು ನೇರವಾಗಿ ರೇಡಿಯೋ ಮೇಲೆ ಬಿತ್ತು. ಆವತ್ತೂ ಅಜ್ಜಿ ಬಂದರು. ಅದರ ಮುಂದಿನ ಮಳೆಗೂ ಬಂದರು. ಮೊದಮೊದಲು ನನ್ನ ಗಂಡ ಅವರೊಡನೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕೊನೆಗೊಂದು ದಿನ ಸೋತು, ನೀರು ಎಲ್ಲಿಂದ ಬರುತ್ತದೆಂದು ನಿಮಗೇನಾದರೂ ಗೊತ್ತೇ ಎಂದು ಕೇಳಿದರು.

"ಹನಿ ಬೀಳೋ ಕಡೆ ತೂತಿಲ್ಲ ಕಣಪ್ಪ," ಎಂದರು ಅಜ್ಜಿ. "ಅಡುಗೆಮನೆ ಸೂರೂ ನಡುಮನೆ ಸೂರೂ ಸೇರೋ ಕಡೆ ಒಂದು ತಗಡೈತೆ. ಅಲ್ಲಿಂದ ತೊಲೆ ಮ್ಯಾಲೆ ಹರ್ಕೊಂಡು ಬತ್ತದೆ. ನಮ್ಮ ಯಜಮಾನ್ರಿಗೂ ಹೇಳ್ದೆ. ಯಾವತ್ತೂ ಹಂಚು ಹತ್ತದೋಳು ನಿಂಗೇನು ಗೊತ್ತು ಅನ್ನೋರು. ಪ್ರತಿ ವರ್ಷ ನಿನ್ನಂಗೇ ಮೆತ್ತೋರು."

ನನ್ನ ಗಂಡ ನನ್ನ ಮುಖ ನೋಡಿದರು. ಆ ಜಾಗವನ್ನು ನಾನೂ ಒಮ್ಮೆ ತೋರಿಸಿದ್ದೆ. ಅವರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದರು.

ಬಸ್ ಸ್ಟ್ಯಾಂಡಿನ ಬಳಿ ತಗಡಿನ ಡಬ್ಬ ಮಾಡುತ್ತಿದ್ದ ಸಾಬರನ್ನು ಕರೆಸಿದೆವು. ಅವರು ಬೆಕ್ಕಿನಂತೆ ಹತ್ತಿ, ಒಂದು ಹಂಚನ್ನೂ ಒಡೆಯದೆ ಸಾಲಾಗಿ ಬಿಚ್ಚಿಟ್ಟರು. ಕೆಳಗಿನ ಹಳೇ ತಗಡು ಎಳೆದರೆ ಹಪ್ಪಳದ ಹಾಗೆ ಕೈಗೆ ಬಂತು. ಅದನ್ನು ಬಿಸಿಲಿಗೆ ಹಿಡಿದು, ಜರಡಿ ಆಗಿಹೋಗಿದೆ ನೋಡಿ ಎಂದು ನಮಗೆ ತೋರಿಸಿದರು. ಅಂಗಳದಲ್ಲಿ ನಿಂತಿದ್ದ ಅಜ್ಜಿ ಅದನ್ನೇ ನೋಡುತ್ತ, "ಈಗ ಕೇಳುಸ್ತಾ?" ಎಂದು ಮೆಲ್ಲಗೆ ಅಂದರು. ಅದು ನಮ್ಮಲ್ಲಿ ಯಾರಿಗೂ ಅಂದದ್ದಲ್ಲ.

ಹೊಸ ತಗಡು ಕೂತ ಮೇಲೆ ಹತ್ತು ಹನ್ನೆರಡು ದಿನ ಮಳೆಯಿಲ್ಲ. ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅಜ್ಜಿ ಅಭ್ಯಾಸಬಲದಿಂದ ಕೊಪ್ಪೆ ಹಾಕಿಕೊಂಡು ಬಂದೇ ಬಂದರು. ಇಬ್ಬರೂ ನಡುಮನೆಯಲ್ಲಿ ಕತ್ತೆತ್ತಿ ನಿಂತೆವು. ಮಳೆ ಜೋರಾಯಿತು, ಗಾಳಿಯೂ ಸೇರಿತು, ತೊಲೆ ಒಣಗಿಕೊಂಡೇ ಇತ್ತು. ಪಾತ್ರೆ ಸರಿಸುವ ಕೆಲಸವಿಲ್ಲದೆ ಅವರು ಕೈ ಎಲ್ಲಿಡಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು. ಇನ್ನು ಬರಲು ನೆಪವಿಲ್ಲವಲ್ಲ ಎಂದು ನನಗೇ ಒಂದು ಕ್ಷಣ ಬೇಜಾರಾಯಿತು.

ಆಮೇಲೆ ಅವರು ಒಂದು ಚಾಪೆ ಕೇಳಿದರು. "ಮದುವೆಯಾಗಿ ಈ ಮನೆಗೆ ಬಂದಾಗಿಂದ ಮಳೆ ಬರುವಾಗ ಒಂದಿನ ಮಲಗಿಲ್ಲ ಕಣವ್ವ," ಎಂದು, ನಡುಮನೆಯ ನಟ್ಟನಡುವೆ, ತೊಲೆಯ ಕೆಳಗೇ ಹಾಸಿಕೊಂಡು ಅಡ್ಡಾದರು. ಸ್ವಲ್ಪ ಹೊತ್ತಿಗೆಲ್ಲ ಗೊರಕೆ ಕೇಳಿಸಿತು. ನಾನು ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸಿದೆ. ನನ್ನ ಗಂಡ ಸ್ಟೇಷನ್ನಿನಿಂದ ನೆನೆದುಕೊಂಡು ಬಂದಾಗಲೂ ಮಳೆ ಬಿಟ್ಟಿರಲಿಲ್ಲ. ಬಾಗಿಲಲ್ಲೇ ತಡೆದು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದೆ. ಅವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ, ತಾವೇ ಕಾಫಿಗೆ ನೀರಿಟ್ಟರು.