ತೇರಾವಾ ಪ್ರೊಸೆಸರ್

ಆ ಬೆಳಿಗ್ಗೆಯೂ ನಳ ಬಂದಾಗ ನೀರು ತುಂಬಿಸಿಟ್ಟೆ, ರೊಟ್ಟಿ ಬಡಿದೆ, ಎಲ್ಲರಿಗೂ ಚಹಾ ಕೊಟ್ಟೆ. ಭಾವ, ಎಂದರೆ ನನ್ನ ಗಂಡನ ಅಣ್ಣ, ಚಹಾವನ್ನು ಬಶಿಗೆ ಸುರಿದುಕೊಂಡು ಸೊರ್ರೆಂದು ಕುಡಿದು, ನಾನು ಆಗತಾನೇ ಒರೆಸಿದ ಕಟ್ಟೆಯ ಮೇಲೆ ಬಶಿಯನ್ನು ಬೋರಲಿಟ್ಟು ಎದ್ದರು. ಎತ್ತಿದಾಗ ಅಡಿಯಲ್ಲಿ ಕಂದು ಬಣ್ಣದ ಉಂಗುರ. ಮದುವೆಯಾಗಿ ಬಂದಾಗಿನಿಂದ ಆ ಉಂಗುರವನ್ನು ಒರೆಸುತ್ತಿದ್ದೇನೆ. ಒರೆಸುವಾಗ ತಲೆ ಎತ್ತುವುದಿಲ್ಲ. ಎತ್ತಿದರೆ ನನ್ನ ಮುಖ ಅವರಿಗೆ ಕಂಡುಬಿಡುತ್ತದೆ.

ಅಂದು ಮಗಳಿಗೆ ಗೇಮಿಂಗ್ ಲ್ಯಾಪ್‌ಟಾಪ್ ತರಲು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೊರಟಿದ್ದೆವು. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಆಟಗಳನ್ನು ತಯಾರಿಸಲು ಕಲಿಯುತ್ತಾಳೆ. ತಾನು ಮಾಡಿದ ಆಟವನ್ನು ಮುಂದಿನ ವಾರ ಪರೀಕ್ಷಕರೆದುರು ನಡೆಸಿ ತೋರಿಸಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಪರೀಕ್ಷೆಯಲ್ಲೂ ನಿಂತರೆ ವರ್ಷವೇ ಹೋಯಿತು. ಯಾರೂ ಕರೆಯದಿದ್ದರೂ ಭಾವ ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ಹೆಣ್ಣುಮಕ್ಕಳಿಗೆ ಆಟದ ಮಶೀನು ಯಾಕೆ ಎಂದು ಸೊಲ್ಲಾಪುರದ ಹತ್ತಿರದ ಕುಂಭಾರಿ ಊರು ದಾಟುವವರೆಗೂ ಕೇಳಿದರು. ಕಾರು ನಡೆಸುತ್ತಿದ್ದ ನನ್ನ ಗಂಡ ಹೂಂಗುಡುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ಮಗಳು ಉಗುರು ಕಚ್ಚುತ್ತಿದ್ದಳು.

ಅಂಗಡಿಯವನು ಎರಡು ಲ್ಯಾಪ್‌ಟಾಪ್ ತೆರೆದಿಟ್ಟ. ಒಂದರ ಪ್ರೊಸೆಸರ್ ಹನ್ನೆರಡನೆಯ ಪೀಳಿಗೆಯದು, ಇನ್ನೊಂದರದು ಹದಿಮೂರನೆಯದು. ಅವನು ಅದನ್ನು ಮರಾಠಿಯಲ್ಲಿ ಹೇಳಿದ್ದೇ ತಪ್ಪಾಯಿತು: ಇದು ಬಾರಾವಾ, ಇದು ತೇರಾವಾ. ನಮ್ಮ ಕಡೆ ತೇರಾವಾ ಎಂದರೆ ಸತ್ತವರ ಹದಿಮೂರನೆಯ ದಿನದ ಊಟ.

ಭಾವ ಮುಂದೆ ಚಾಚಿದ್ದ ಕೈಯನ್ನು ಹಿಂದೆಳೆದುಕೊಂಡರು.

"ಅಪ್ಪನ ತೇರಾವಾ ಮಾಡಿ ಇನ್ನಾ ತಿಂಗಳಾಗಿಲ್ಲ. ಮತ್ತೊಂದು ತೇರಾವಾ ಮನಿಗಿ ಒಯ್ತೀರಿ? ಬಾರಾವಾನ ತಗೋರಿ."

ಗಂಡ ತಮ್ಮ ಚಪ್ಪಲಿ ನೋಡಿಕೊಂಡರು. ಮಗಳು ನನ್ನ ಸೆರಗಿನ ತುದಿ ಹಿಡಿದು ಎಳೆದಳು. ಏನು ನೋಡಬೇಕೆಂದು ಅವಳು ಮನೆಯಲ್ಲೇ ನನಗೆ ಹೇಳಿಕೊಟ್ಟಿದ್ದಳು: ಪ್ರೊಸೆಸರಿನ ನಂಬರಿನ ಕೊನೆಗೆ ಯು ಅಕ್ಷರವಿದ್ದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ, ಆದರೆ ಭಾರದ ಕೆಲಸ ತಡೆಯುವುದಿಲ್ಲ, ಅವಳ ಆಟ ಓಡಬೇಕಾದರೆ ಎಚ್ ಇರಬೇಕು. ಬಗ್ಗಿ ಚೀಟಿ ಓದಿದೆ. ಹನ್ನೆರಡರ ಕೊನೆಗೆ ಸಣ್ಣಗೆ ಯು. ಹದಿಮೂರರ ಕೊನೆಗೆ ಎಚ್.

"ಕಾನ್ವೆಂಟಿನ ಬಾಯಿಸಾಬರು ಇನ್ನಾ ಎ ಬಿ ಸಿ ಡಿ ಓದಾಕತ್ತಾರ," ಎಂದು ಭಾವ ಅಂಗಡಿಯವನ ಕಡೆ ನೋಡಿ ನಕ್ಕರು. ಅವರ ಹಲ್ಲಿನ ಸಂದಿಯಲ್ಲಿ ಅಡಿಕೆಯ ಚೂರು ಸಿಕ್ಕಿಕೊಂಡಿತ್ತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನಮಗೆ ದನಿ ಏರಿಸದೆ ಮಾತಾಡುವುದನ್ನು ಕಲಿಸಿದ್ದರು. ನನ್ನ ದನಿ ಏರಲಿಲ್ಲ.

"ಬಾರಾವಾದ ದಿನಾನೂ ಪಿಂಡ ಇಟ್ಟವ್ರು ನೀವ ಅಲ್ಲೇನ್ರಿ, ಭಾವನೋರ? ಹಂಗಾದ್ರ ಅದೂ ಸತ್ತವ್ರದ. ಎರಡೂ ಬ್ಯಾಡ ಅನ್ರಿ, ಇಲ್ಲಾ ಸುಮ್ನಿರ್ರಿ."

ಇಷ್ಟು ವರ್ಷಗಳಲ್ಲಿ ನಾನು ಅವರಿಗೆ ಸುಮ್ಮನಿರಿ ಎಂದದ್ದು ಅದೇ ಮೊದಲು. ಅವರ ಕುತ್ತಿಗೆ ಕೆಂಪಾಗುವುದನ್ನು ನೋಡಿದೆ. ಸಂತೋಷವೇ ಆಯಿತು, ಮುಚ್ಚಿಡುವುದೇನು. ಹದಿಮೂರನೆಯದನ್ನು ಕಟ್ಟಿಕೊಡಲು ಅಂಗಡಿಯವನಿಗೆ ಮರಾಠಿಯಲ್ಲೇ ಹೇಳಿದೆ.

ಮನೆ ತಲುಪಿದ ಮೇಲೆ ಭಾವ ನನ್ನ ಕೈಯ ಚಹಾ ಬೇಡವೆಂದು ತಮ್ಮನ ಮೂಲಕ ಹೇಳಿ ಕಳಿಸಿದರು. ನಾನು ಎರಡನೆಯ ಸಲ ಕೇಳಲಿಲ್ಲ.

ಸಂಜೆ ಮಗಳು ಹಿತ್ತಲ ಕೋಣೆಯಲ್ಲಿ ಆಟ ಶುರು ಮಾಡಿದಳು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಲ್ಯಾಪ್‌ಟಾಪಿನೊಳಗಿನ ಫ್ಯಾನು ತಿರುಗತೊಡಗಿ, ಸದ್ದು ಏರಿ, ಕೋಣೆಯಿಡೀ ಗುಂಯ್‌ಗುಟ್ಟಿತು. ಪರದೆಯ ಮೇಲೆ ಅವಳ ಪುಟ್ಟ ಗೊಂಬೆ ಗುಡ್ಡ ಹತ್ತಿತು, ಇಳಿಯಿತು, ಎಲ್ಲಿಯೂ ನಿಲ್ಲಲಿಲ್ಲ. ಪಡಸಾಲೆಯಲ್ಲಿ ಭಾವ ಟಿವಿಯ ದನಿ ಹೆಚ್ಚಿಸಿದರು. ಮಗಳು ಇನ್ನೊಮ್ಮೆ ಮೊದಲಿನಿಂದ ಆಡಿಸಿದಳು. ಅವರು ಟಿವಿಯನ್ನು ಇನ್ನಷ್ಟು ಜೋರು ಮಾಡಿದರು.

ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಾಕೆ ಇಣುಕಿದಳು.

"ಏನ್ರಿ ವೈನಿ, ಮಿಕ್ಸರ್ ಹಚ್ಚೀರೇನು? ಶೇಂಗಾ ಚಟ್ನಿ ಆದ್ರ ನಮಗೂ ಒಂದೀಟ ಕೊಡ್ರಿ."