ಠಾಣೆಯಲ್ಲಿ ನಾನು ನುಂಗಿದ ಮಾತು

ನಾನು ಕಲಬುರಗಿಯವಳು. ಮದುವೆಯಾಗಿ ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು, ತರಕಾರಿಯವನ ಹತ್ತಿರ ಹಿಂದಿ. ಮೂರೂ ನನಗೆ ಸಲೀಸು ಎಂದು ಒಂದಿಷ್ಟು ಹೆಮ್ಮೆಯೂ ಇತ್ತು.

ಮೆಹದಿಪಟ್ಟಣಂನ ನಮ್ಮ ಕಟ್ಟಡದ ಕೆಳಮನೆಯಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ ಬಾಡಿಗೆಗಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರು ಫೋನ್ ಮಾಡಿದರು. ಯಾದಗಿರಿ ಕಡೆಯ ಒಬ್ಬ ಹೆಂಗಸು ಠಾಣೆಗೆ ಬಂದಿದ್ದಾಳೆ, ಕನ್ನಡ ಬಿಟ್ಟರೆ ಬೇರೇನೂ ಬರುವುದಿಲ್ಲ, ಒಂದು ತಾಸು ಬಂದು ಅವಳ ಮಾತನ್ನು ತೆಲುಗಿನಲ್ಲಿ ಹೇಳಿಕೊಡಿ ಎಂದರು. ಜಗಳವೋ ಕಳ್ಳತನವೋ ಇರಬೇಕು ಎಂದುಕೊಂಡು ನಾನು ಅವರ ಠಾಣೆಯಿದ್ದ ಶಂಶಾಬಾದಿನ ಬಸ್ಸು ಹತ್ತಿದೆ.

ಅವಳಿಗೆ ಇಪ್ಪತ್ತಮೂರೋ ಇಪ್ಪತ್ನಾಲ್ಕೋ ಇರಬೇಕು. ವಿಮಾನ ನಿಲ್ದಾಣದ ಆಚೆ ಏಳುತ್ತಿದ್ದ ಹೊಸ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿ ಮಾಡುತ್ತಿದ್ದರು. ಗಂಡ ತಲೆಗೆ ಟವೆಲ್ ಹೊದ್ದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದ. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವಳು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡಳು. ಹಿಂದಿನ ದಿನ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋಗಿದ್ದಾಗ ಮೇಸ್ತ್ರಿ ಖಾಲಿ ಚೀಲ ತರಲು ಹೇಳಿ ಅವಳನ್ನು ಅರ್ಧ ಕಟ್ಟಿದ ಮನೆಯೊಳಗೆ ಕಳಿಸಿದ್ದ. ಆಮೇಲೆ ತಾನೂ ಹಿಂದೆ ಬಂದಿದ್ದ. ಅವಳು ಅಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ಬ್ಯಾಡ ಅಂತ ಚೀರಿದೆರಿ. ಬಾಯಿ ಮುಚ್ಚಿ ಬಲಾತ್ಕಾರ ಮಾಡಿದ."

ಅಧಿಕಾರಿ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಪಕ್ಕದ ಮೇಜಿನಲ್ಲಿ ನನ್ನ ಮಗನ ವಯಸ್ಸಿನ ಒಬ್ಬ ಎಸ್ಐ ಕೂತಿದ್ದ. ಬಾಗಿಲು ತೆರೆದೇ ಇತ್ತು. ಮೊಬೈಲ್ ಕಳೆದ ದೂರು ಕೊಡಲು ಬಂದ ಇಬ್ಬರು ಗಂಡಸರು ಅಲ್ಲಿ ನಿಂತಿದ್ದರು. ತೆಲುಗಿನಲ್ಲಿ ಆ ಮಾತು ನನಗೆ ಗೊತ್ತಿತ್ತು. ಆದರೆ ಯಾವ ಭಾಷೆಯಲ್ಲೂ ಅದನ್ನು ಗಂಡಸರ ಎದುರು ಆಡಿದವಳಲ್ಲ ನಾನು. "ಪಟ್ಟುಕುನಿ ಇಬ್ಬಂದಿ ಪೆಟ್ಟಾಡು" ಎಂದುಬಿಟ್ಟೆ. ಹಿಡಿದುಕೊಂಡು ತೊಂದರೆ ಕೊಟ್ಟ, ಅಷ್ಟೇ ಅದರ ಅರ್ಥ.

ತೊಂದರೆ ಎಂದರೆ ಏನು ಎಂದು ಅಧಿಕಾರಿ ಕೇಳಿದರು. ಗೊತ್ತಾಗುತ್ತಲ್ಲ ಮೇಡಂ, ಅದೇ, ಎಂದು ನಾನು ತಲೆ ತಗ್ಗಿಸಿದೆ. ಅವರಿಗೆ ಗೊತ್ತಾಯಿತು. ಅತ್ಯಾಚಾರದ ಕಲಮಿನಡಿಯೇ ಕೇಸು ಹಾಕಿದರು. ಆದರೆ ಹೇಳಿಕೆಯ ಹಾಳೆಯಲ್ಲಿ ನಾನು ಕೊಟ್ಟ ಮಾತನ್ನೇ ಬರೆದರು. ಅದನ್ನು ತೆಲುಗಿನಲ್ಲಿ ಓದಿದಾಗ ಅವಳು ನನ್ನನ್ನು ನೋಡಿದಳು. ನಾನು ಹೂಂ ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು, "ಮ್ಯಾಲಿನ ಮನಿಯವ್ರ ಮುಂದ ಹೇಳಬ್ಯಾಡ. ಮಗಳ ಲಗ್ನದ ಮಾತುಕತಿ ನಡದಾವ," ಎಂದರು. ನಾನು ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಮ್ಯಾಜಿಸ್ಟ್ರೇಟರ ಮುಂದೆ ಮತ್ತೆ ಹೇಳಿಕೆಯಾಯಿತು. ಅವರೂ ಹೆಂಗಸು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಅಲ್ಲಿ ಅವಳು ಅದೇ ಮಾತನ್ನೇ ಹೇಳಿದಳು, ನಾನೂ ಸರಿಯಾಗಿಯೇ ತೆಲುಗು ಮಾಡಿದೆ. ಮೊದಲ ದಿನದ್ದು ನನ್ನ ಮನಸ್ಸಿನಿಂದಲೇ ಹೋಗಿತ್ತು.

ಮೇಸ್ತ್ರಿ ಜಾಮೀನಿನ ಮೇಲೆ ಬಂದು ಅದೇ ಸೈಟಿನಲ್ಲಿ ಕೆಲಸಕ್ಕೆ ನಿಂತ. ಅಲ್ಲಿ ವಾಸವಿದ್ದ ಶೆಡ್ಡು ಬಿಡಬೇಕಾದದ್ದು ಅವಳೂ ಅವಳ ಗಂಡನೂ. ಅದಕ್ಕೂ ಮೊದಲೇ ಅವಳ ಜೊತೆ ಇಟ್ಟಿಗೆ ಹೊರುತ್ತಿದ್ದ ಹೆಂಗಸರು ನಲ್ಲಿಯ ಹತ್ತಿರ ಅವಳ ಕೊಡದ ಪಕ್ಕ ತಮ್ಮ ಕೊಡ ಇಡುವುದನ್ನು ಬಿಟ್ಟಿದ್ದರಂತೆ. ಅವರೆಲ್ಲ ಅವಳ ಊರಿನ ಆಸುಪಾಸಿನವರೇ. ಗಂಡ ಹೆಂಡತಿ ಹೈದರಾಬಾದಿನ ಇನ್ನೊಂದು ತುದಿಯ ಜೀಡಿಮೆಟ್ಲಾಕ್ಕೆ ಹೋದರು. ಅವಳಿಗೆ ಅಲ್ಲೊಂದು ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ತುಂಬುವ ಕೆಲಸ ಸಿಕ್ಕಿತು.

ವಿಚಾರಣೆ ಬಂದದ್ದು ಒಂದೂವರೆ ವರ್ಷದ ಮೇಲೆ. ಪ್ರತಿ ವಾಯಿದೆಗೂ ಗಂಡ ಅವಳ ಜೊತೆ ಬರುತ್ತಿದ್ದ. ಯಾರೊಡನೆಯೂ ಮಾತಾಡದೆ ಕೋರ್ಟಿನ ಅಂಗಳದಲ್ಲಿ ಸಂಜೆಯ ತನಕ ಕೂರುತ್ತಿದ್ದ. ಅವಳ ಸಾಕ್ಷಿಯ ದಿನ ಭಾಷಾಂತರಕ್ಕೆ ಮತ್ತೆ ನನ್ನನ್ನೇ ಕರೆಸಿದರು. ಆರೋಪಿಯ ವಕೀಲರು ವಯಸ್ಸಾದವರು, ಮೆತ್ತಗಿನ ದನಿ, ಅಮ್ಮಾ ಎಂದೇ ಮಾತಾಡಿಸುವವರು. ಠಾಣೆಯ ಹಾಳೆಯನ್ನು ಓದಿ ಕೇಳಿದರು: ಮೊದಲ ದಿನ ತೊಂದರೆ ಕೊಟ್ಟ ಎಂದೆ, ನಾಲ್ಕು ದಿನ ಬಿಟ್ಟು ಬಲಾತ್ಕಾರ ಎಂದೆ, ನಡುವೆ ನಿನಗೆ ಕಲಿಸಿಕೊಟ್ಟವರು ಯಾರಮ್ಮಾ?

ಆ ಪ್ರಶ್ನೆಯನ್ನು ನಾನೇ ಅವಳಿಗೆ ಕನ್ನಡದಲ್ಲಿ ಕೇಳಬೇಕಾಯಿತು.

"ನಾ ಮೊದ್ಲಿಂದ ಅದನ್ನ ಹೇಳೀನ್ರಿ," ಎಂದಳು ಅವಳು.

ಈ ಹೆಬ್ಬೆಟ್ಟು ನಿನ್ನದೇ ತಾನೆ ಎಂದು ಅವರು ಕೇಳಿದರು. ಹೌದು ಎಂದಳು. ನಾನು ತಡೆಯಲಾರದೆ, ಆ ಮಾತು ನನ್ನದು ಸಾರ್, ಅವಳದ್ದಲ್ಲ, ಎಂದೆ. ನ್ಯಾಯಾಧೀಶರು ಗದರಲಿಲ್ಲ. ನಿಮ್ಮ ಕೆಲಸ ಭಾಷಾಂತರ ಮಾತ್ರ, ಬೇರೇನಾದರೂ ಇದ್ದರೆ ಸರ್ಕಾರಿ ವಕೀಲರಿಗೆ ಹೇಳಿ ಎಂದರು. ಊಟದ ಬಿಡುವಿನಲ್ಲಿ ಸರ್ಕಾರಿ ವಕೀಲರನ್ನು ಹಿಡಿದು ಹೇಳಿದೆ. ಈಗ ನಿಮ್ಮನ್ನು ಸಾಕ್ಷಿ ಮಾಡಿದರೆ ನಾವೇ ಹೆಣೆದು ತಂದ ಕಥೆ ಎನ್ನುತ್ತಾರೆ, ನೋಡೋಣ ಎಂದರು. ನಂತರ ನನ್ನನ್ನು ಯಾರೂ ಕರೆಯಲಿಲ್ಲ.

ಅವತ್ತು ಸಂಜೆ ಕೋರ್ಟಿನ ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಠಾಣೆಯಲ್ಲಿ ಗಂಡಸರಿದ್ದರು, ನನಗೆ ಬಾಯಿ ಬರಲಿಲ್ಲ, ನಾಚಿಕೆಯಾಯಿತು ಎಂದೆ.

"ನನಗೂ ನಾಚಿಕಿ ಇತ್ರಿ, ಅಕ್ಕಾರ," ಎಂದಳು. "ಆದ್ರ ನಾ ಹೇಳಿದ್ನಲ್ಲ."

ಆಮೇಲೆ ಗಂಡನನ್ನು ಕರೆದುಕೊಂಡು ಬಸ್ಸಿನ ಕಡೆ ನಡೆದಳು.

ತೀರ್ಪು ಬಂದ ಸುದ್ದಿಯನ್ನು ಕೆಳಮನೆಯ ಅಧಿಕಾರಿ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದರು. ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟಿದ್ದರು. ವೈದ್ಯರ ವರದಿಯಲ್ಲಿ ಗಾಯಗಳಿಲ್ಲ ಎಂದಿತ್ತು, ಆದರೆ ಮೊದಲ ಕಾರಣ ಎರಡು ಹೇಳಿಕೆ ಹೊಂದುವುದಿಲ್ಲ ಎಂಬುದೇ. ಇನ್ನೊಮ್ಮೆ ಬಿಡಿಸಿ ಕೇಳಬೇಕಿತ್ತು ನಾನು, ಎಂದು ಅವರೂ ನೊಂದುಕೊಂಡರು. ಅಪೀಲು ಹೋಗಬಹುದೇ ಎಂದು ಕೇಳಿದೆ. ಅದು ಮೇಲಿನವರು ತೀರ್ಮಾನಿಸುವುದು ಎಂದರು. ಯಾರೂ ಹೋಗಲಿಲ್ಲ.

ಒಂದು ತಿಂಗಳ ಮೇಲೆ ಧೈರ್ಯ ಮಾಡಿ ಜೀಡಿಮೆಟ್ಲಾಕ್ಕೆ ಹೋದೆ. ಗಾಳಿಯಲ್ಲೆಲ್ಲ ಔಷಧಿಯ ಕಹಿ ವಾಸನೆ. ಒಂದೇ ಕೋಣೆಯ ಮನೆ. ಗಂಡ ಚಹಾ ಮಾಡಿಕೊಟ್ಟು ಹೊರಗೆ ಹೋಗಿ ನಿಂತ. ತೀರ್ಪು ಅವಳಿಗೆ ಗೊತ್ತಿತ್ತು. ಅದರ ಮಾತೆತ್ತಲಿಲ್ಲ. ಕಾರ್ಖಾನೆಯಲ್ಲಿ ತಲೆಗೆ ಟೋಪಿ ಹಾಕಿಕೊಳ್ಳಬೇಕು, ಕೂದಲು ಉದುರುತ್ತಿದೆ ಎಂದಳು. ತೆಲುಗು ಈಗ ಸ್ವಲ್ಪ ಬರುತ್ತದೆ ಎಂದಳು. ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿ, ಬಂದವರು ಯಾರು ಎಂದು ಕೇಳಿದಾಗ, ಊರ ಕಡೆಯವರು ಎಂದು ಅವಳೇ ತೆಲುಗಿನಲ್ಲಿ ಹೇಳಿದಳು.

ಹೊರಟಾಗ ಸ್ಟಾಪಿನ ತನಕ ಬಂದಳು.

"ಇನ್ನ ಬರಬ್ಯಾಡ್ರಿ, ಅಕ್ಕಾರ," ಎಂದಳು. "ಇಲ್ಲಿ ಯಾರಿಗೂ ಗೊತ್ತಿಲ್ಲ. ನೀವು ಮತ್ತ ಮತ್ತ ಬಂದ್ರ ಕೇಳ್ತಾರ. ಏನಂತ ಹೇಳ್ಲಿ?"

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಾನು ಆಯಿತು ಎಂದೆ. ಅವಳಿಗೆ ಮಧ್ಯಾಹ್ನದ ಶಿಫ್ಟು ಇತ್ತು, ಬಸ್ಸು ಬರುವ ತನಕ ನಿಲ್ಲಲಿಲ್ಲ.