ಚುರುಮುರಿ ಭಟ್ಟಿಯ ಅಕ್ಕ

ಮೊನ್ನೆ ಶಿಗ್ಗಾಂವಿಯಲ್ಲಿ ಬಸ್ಸಿಳಿದು ಮಗಳ ಕೈ ಹಿಡಿದು ನಡೆಯುತ್ತಿದ್ದೆ. ಯಾವುದೋ ಓಣಿಯಿಂದ ಕಾದ ಮರಳಿನ ವಾಸನೆ ಬಂತು. ಯಾರೋ ಚುರುಮುರಿ ಹುರಿಯುತ್ತಿದ್ದರು. ನಾನು ನಿಂತುಬಿಟ್ಟೆ...

ಏಕೀಕರಣದ ಆಸುಪಾಸಿನ ಮಾತು. ನನಗೆ ಹದಿನೈದು ವರ್ಷ, ಹೊಟ್ಟೆಯಲ್ಲಿ ಕೂಸು. ಹಾನಗಲ್ಲಿನ ಕಡೆ ಕೊಟ್ಟಿದ್ದರು. ಹುಬ್ಬಳ್ಳಿಯ ಗಿರಣಿಗೆ ದುಡಿಯಲು ಹೋಗಿದ್ದ ಗಂಡ ಜ್ವರ ಬಂದು ಅಲ್ಲಿಯೇ ತೀರಿಕೊಂಡ. "ಮಗ ಊರಾಗ ಇರಲಿಲ್ಲ, ಈ ಬಸಿರು ನಮ್ದಲ್ಲ" ಎಂದು ಅತ್ತೆ ಹೊರಗೆ ಹಾಕಿದಳು. ಅವನು ಹಬ್ಬಕ್ಕೆ ಬಂದು ಹೋದದ್ದು ಅವಳಿಗೂ ಗೊತ್ತಿತ್ತು. ಉಣ್ಣುವ ಬಾಯಿ ಕಡಿಮೆಯಾದರೆ ಸಾಕಾಗಿತ್ತೇನೋ.

ಶಿಗ್ಗಾಂವಿಯಲ್ಲಿ ನನಗೆ ಅಣ್ಣನ ಮನೆಯೊಂದೇ ಉಳಿದಿತ್ತು. ಅಣ್ಣ ನನ್ನ ಮುಖ ನೋಡದೆ, "ನಾವು ಓಣ್ಯಾಗ ತಲಿ ಎತ್ತಿ ಅಡ್ಡಾಡೂದು ಬ್ಯಾಡೇನು?" ಎಂದ. ಬಟ್ಟೆಯ ಗಂಟು ಹಿಡಿದು ಓಣಿಯ ತುದಿಯ ಕಟ್ಟೆಯ ಮೇಲೆ ಕುಳಿತೆ. ಎದುರಿಗೆ ಚುರುಮುರಿ ಭಟ್ಟಿ. ಅದನ್ನು ಒಬ್ಬಳೇ ನಡೆಸುತ್ತಿದ್ದವಳನ್ನು ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ತಲೆಗೂದಲ ತುಂಬ ಭತ್ತದ ಹೊಟ್ಟು, ಬೆಂಕಿಗೆ ಬೆಂದ ಮುಖ. ಅವಳು ಹೊರಗೆ ಬಂದು ನನ್ನ ಗಂಟು ಎತ್ತಿಕೊಂಡಳು.

"ಎಷ್ಟೊತ್ತು ಬಿಸಲಾಗ ಕುಂದರ್ತಿ? ಒಳಗ ಬಾ."

"ಒಂದು ವಾರ ಇರ್ತೇನಿ ಅಕ್ಕಾ."

"ವಾರ ಯಾಕ? ಹಡದು, ಎದ್ದು ಅಡ್ಡಾಡೂ ಮಟಾ ಇರು."

ನನ್ನ ಬಸಿರು ಯಾರದೋ ಎಂದು ಅತ್ತಿಗೆ ಮನೆಮನೆಗೆ ಹೋಗಿ ಹೇಳಿದಳು. ಕೊಳ್ಳುವವರು ಬರುವುದನ್ನು ಬಿಟ್ಟರು. ಚೀಲಗಳಲ್ಲಿ ಚುರುಮುರಿ ಮೆತ್ತಗಾಯಿತು. ನಾನು ಹೋಗುತ್ತೇನೆಂದೆ. ಅಕ್ಕ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ವಯಸ್ಸಿನ್ಯಾಗ ನಂಗೂ ಒಂದು ಹುಟ್ಟಿತ್ತು. ಹೊಲದ ಗುಡಿಸಲದಾಗ. ಯಾರೂ ಬರಲಿಲ್ಲ. ಮುಂಜಾನೆ ತನಕ ಉಸುರಾಡ್ತು."

ಅಷ್ಟೇ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಎದುರು ಮನೆಯಲ್ಲಿ ಬಂಡಿ ಹೊಡೆಯುವವನ ಹೆಂಡತಿ ಇದ್ದಳು. ನಾವು ಅವಳನ್ನು ಚಾಚಿ ಎನ್ನುತ್ತಿದ್ದೆವು. ಒಂದು ಸಂಜೆ ಮೊಲೆಗೂಸನ್ನು ಬಗಲಲ್ಲಿ ಇಟ್ಟುಕೊಂಡು ಬಂದು, ಓಣಿಗೆಲ್ಲ ಕೇಳುವಂತೆ, "ನಮ್ಮ ಮನೀಗೆ ಚುರುಮುರಿ ಕೊಡ್ರಿ ಅಕ್ಕಾ" ಎಂದಳು. ಮರುದಿನ ನೇಕಾರರ ಮುದುಕಿ ಕೂಸಿಗೆಂದು ಮೆತ್ತನೆಯ ಹಳೆಯ ಸೀರೆ ತಂದಳು. ಇನ್ನು ಕೆಲವರು ಹಿತ್ತಲ ಬಾಗಿಲಿನಿಂದ ರೊಟ್ಟಿ, ಸಾರು ಇಟ್ಟು ಹೋಗುತ್ತಿದ್ದರು. ಮುಂಬಾಗಿಲಿನಿಂದ ಬರುವ ಧೈರ್ಯ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಹೆಣ್ಣು ಹುಟ್ಟಿತು. ಜ್ವರದಲ್ಲಿ ನನಗೆ ಎಚ್ಚರವಿರಲಿಲ್ಲ, ಹಾಲೂ ಇರಲಿಲ್ಲ. ಚಾಚಿ ತನ್ನ ಕೂಸಿನ ಜೊತೆಗೇ ನನ್ನದಕ್ಕೂ ಮೊಲೆ ಕೊಟ್ಟಳು. ಅಕ್ಕ ನನಗೆ ನೀರೆರೆದಳು, ಬಾಣಂತಿಗೆ ಕೊಡುವ ಅಳವಿ ಕಾಳು ಕುದಿಸಿ ಕುಡಿಸಿದಳು. ಹೆಣ್ಣೆಂದು ಕೇಳಿ ಹಾನಗಲ್ಲಿನಿಂದ ಯಾರೂ ಬರಲಿಲ್ಲ.

ಕೂಸು ಕುಳಿತುಕೊಳ್ಳುವಂತಾದ ಮೇಲೆ ಅಕ್ಕ ನನ್ನನ್ನು ಸಾಲಿಗೆ ಅಟ್ಟಿದಳು. "ಮುಲ್ಕಿ ಪರೀಕ್ಷಾ ಪಾಸಾಗು, ಮಾಸ್ತರಿಕಿ ಸಿಗ್ತದ. ಇಲ್ಲಂದ್ರ ಮತ್ತ ಯಾರದರ ಬಾಗಲಾ ಕಾಯ್ತಿ." ದೊಡ್ಡವಳಾಗಿ ಸಣ್ಣ ಹುಡುಗಿಯರ ನಡುವೆ ಕುಳಿತು ಓದಿದೆ. ಒಂದು ದಿನ ಮನೆಗೆ ಬಂದರೆ ಮಗಳು ಅಕ್ಕನನ್ನು ನೋಡಿ "ಅವ್ವಾ" ಎನ್ನುತ್ತಿದ್ದಳು. ಅದು ಅವಳ ಮೊದಲ ಮಾತು. ಅಕ್ಕ ಥಟ್ಟನೆ ಅವಳ ಮುಖವನ್ನು ನನ್ನ ಕಡೆ ತಿರುಗಿಸಿ, "ನಿಮ್ಮವ್ವ ಅಲ್ಲಿ ಅದಾಳ ನೋಡು" ಎಂದಳು. ಆಮೇಲೆ ಎಷ್ಟೋ ಹೊತ್ತು ಭಟ್ಟಿಯ ಮುಂದಿನಿಂದ ಏಳಲಿಲ್ಲ...

ಪಾಸಾದ ಮೇಲೆ ಹಿರೇಕೆರೂರಿನ ಕಡೆಯ ಹಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಅಕ್ಕನನ್ನೂ ಕರೆದೆ.

"ಭಟ್ಟಿ ಬಿಟ್ಟು ನಾ ಎಲ್ಲಿಗೆ ಬರ್ಲಿ? ಕೂಸಿನ್ನ ಕರಕೊಂಡು ಹೋಗು."

ಬಸ್ಸಿನ ಬಳಿ ಮಗಳು ಅವಳ ಸೆರಗು ಬಿಡಲಿಲ್ಲ. ಆ ಪುಟ್ಟ ಬೆರಳುಗಳನ್ನು ಅಕ್ಕ ತಾನೇ ಬಿಡಿಸಿ, ಬಸ್ಸು ಹೊರಡುವ ಮೊದಲೇ ಹಿಂದಿರುಗಿ ನಡೆದಳು. ರಜೆಗಳಲ್ಲಿ ಹೋಗಿ ಬರುತ್ತಿದ್ದೆವು. ಪ್ರತಿಸಲವೂ ಅವಳ ಕೆಮ್ಮು ಹೆಚ್ಚಾಗಿರುತ್ತಿತ್ತು. ಹೊಟ್ಟಿನ ಹೊಗೆ ಎದೆ ತಿಂದಿತ್ತು. ಮಗಳು ಸಾಲಿಗೆ ಸೇರುವ ಮೊದಲೇ, ಒಂದು ಮಳೆಗಾಲದಲ್ಲಿ ಅಕ್ಕ ತೀರಿಕೊಂಡ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು. ಕಡೆಯವರೆಗೂ ಜೊತೆಗಿದ್ದ ಚಾಚಿ ಹೇಳಿದಳು: "ಕೂಸು ಈಗ ಉಂಡಿರ್ಬೇಕಲಾ, ಅಂತ ಕೇಳ್ತಿದ್ಲವಾ. ಹೊತ್ತು ಮುಳುಗಿದ್ರ ಸಾಕು, ಅದನ್ನ ಕೇಳ್ತಿದ್ಲು."

ಮೊನ್ನೆ ಆ ಓಣಿಯಲ್ಲಿ ನಿಂತು ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳ ಕೂದಲೂ ಈಗ ಬೆಳ್ಳಗಾಗಿದೆ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. "ಮಾರಿ ನೆನಪಾಗವಲ್ದವ್ವಾ" ಎಂದಳು.

ಅಕ್ಕನ ಒಂದು ಫೋಟೋ ಕೂಡ ಇಲ್ಲ. ನೆನಪಿಟ್ಟುಕೊಂಡವಳು ನಾನೊಬ್ಬಳೇ. ಈಗೀಗ ನನಗೂ ಅವಳ ಮುಖ ಪೂರ್ತಿ ಮೂಡುವುದಿಲ್ಲ.